ಹಡಗಿನ ವಾಂತಿಗೆ ಮದಗುಣಕಿಯ ಮದ್ದು

ಹುಮನಾಬಾದ್ ಬಸ್ಸಿನಾಗ ನನಗೆ ವಾಂತಿ ಬರ್ತದ. ಹಡಗಿನಲ್ಲಿ ಸೈನಿಕರಿಗೂ ಇದೇ ತ್ರಾಸ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ಅವು 'ಅಲುಗಾಡ್ತಿದ್ದೀ' ಅಂತಾವ, ಹಡಗಿನ ಗೋಡೆ ನೋಡುವ ಕಣ್ಣು 'ಇಲ್ಲ' ಅಂತದ. ಈ ಜಗಳದಿಂದ ಹೊಟ್ಟೆ ತೊಳಸುತ್ತದೆ. ದೂರ ನೋಡಿದರೆ ಸ್ವಲ್ಪ ಕಡಿಮೆ.

ವಾಂತಿಯಿಂದ ಸುಸ್ತಾದವನು ದಡಕ್ಕಿಳಿದು ಹೇಗೆ ಹೋರಾಡ್ಯಾನು? ಅದಕ್ಕೇ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್, ಕೆನಡಾ, ಅಮೆರಿಕದ ವೈದ್ಯರು ಸೈನಿಕರ ಮೇಲೆ ಹಲವು ಮದ್ದು ಪರೀಕ್ಷಿಸಿದರು. ಚೆನ್ನಾಗಿ ಫಲ ಕೊಟ್ಟದ್ದು ಹಯೋಸಿನ್. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಹೊರಟವರಿಗೆ ಗುಳಿಗೆ ಹಂಚಿದ್ದರು. ಆದರೂ ಅಲೆಯ ಅಬ್ಬರಕ್ಕೆ ಬಹಳ ಮಂದಿ ವಾಂತಿ ಮಾಡಿಕೊಂಡರು.

ಇದೇ ಹಯೋಸಿನ್ ನಮ್ಮ ತಿಪ್ಪೆಯ ಮದಗುಣಕಿಯಲ್ಲೂ, ಅಂದರೆ ದತ್ತೂರಿಯಲ್ಲೂ ಇದೆ! ಗುಳಿಗೆಯಲ್ಲಿ ಇರುವುದು 1 ಮಿಲಿಗ್ರಾಮಿಗಿಂತ ಕಡಿಮೆ. ಬೀಜದಲ್ಲಿ ಎಷ್ಟಿದೆಯೋ ಯಾರೂ ನೋಡಿ ಹೇಳಲಾರರು; ತಿಂದವರು ಹುಚ್ಚರಂತೆ ಬಡಬಡಿಸುತ್ತಾರೆ, ಸಾಯಲೂಬಹುದು. ಸಣ್ಣ ಹುಡುಗರು ಮುಳ್ಳುಕಾಯಿ ಆಟಕ್ಕೆ ತಂದರೆ ಕಸಿದು ಒಗೆಯಿರಿ.