ಮರಳಿ ಓಟದ ಕಣಕ್ಕೆ

ಕೈ ಮುರಿದ ಬಾಲಕನಿಗೆ ವೈದ್ಯರು ಕಟ್ಟು ಹಾಕಿ, "ಒಂದೂವರೆ ತಿಂಗಳು ಈ ಕೈಯನ್ನು ಅಲುಗಿಸಬೇಡ" ಎಂದು ಹೇಳಿ ಕಳುಹಿಸುತ್ತಾರೆ. ಅವನು ಆ ಮಾತನ್ನು ಪಾಲಿಸುತ್ತಾನೋ ಇಲ್ಲವೋ, ಅದರ ಅರ್ಥವಾದರೂ ಅವನಿಗೆ ತಿಳಿಯುತ್ತದೆ. ಕುದುರೆಗೆ ಹೀಗೆ ತಿಳಿಯಹೇಳುವುದು ಹೇಗೆ? ಹೆದರಿದರೆ ಓಡುವ, ಹರ್ಷವಾದರೂ ಓಡುವ ಪ್ರಾಣಿ ಅದು. ಅದರ ಮುರಿದ ಕಾಲಿಗೆ ಶಸ್ತ್ರಚಿಕಿತ್ಸೆ ನಡೆಸುವುದು ಕೆಲವು ಗಂಟೆಗಳ ಕಾರ್ಯ. ಆಮೇಲಿನ ತಿಂಗಳುಗಳನ್ನು ದಾಟಿಸುವುದೇ ಕಠಿನ.

ಪಂದ್ಯದ ಕುದುರೆಯ ತೂಕ ಸುಮಾರು 450ರಿಂದ 500 ಕಿಲೋಗ್ರಾಂ. ಅಷ್ಟು ಭಾರವನ್ನು ಹೊರುವ ಕಾಲುಗಳೋ ತೀರ ತೆಳು. ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬಹುದು. ಮೂಳೆ, ಸ್ನಾಯುರಜ್ಜು, ಮೇಲೊಂದು ಚರ್ಮ, ಅಷ್ಟೇ. ಮನುಷ್ಯನಂತೆ ವಾರಗಟ್ಟಲೆ ಮಲಗಿ ಕಾಲನ್ನು ವಾಸಿಮಾಡಿಕೊಳ್ಳುವುದು ಕುದುರೆಗೆ ಸಾಧ್ಯವಿಲ್ಲ. ಅದು ನಿಂತೇ ಇರಬೇಕು. ನೊಂದ ಕಾಲನ್ನು ಎತ್ತಿ ಹಿಡಿದರೆ ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು, ಆ ಗೊರಸುಗಳ ಒಳಪದರ ಉರಿಯೂತದಿಂದ ಕಳಚಿಕೊಳ್ಳುತ್ತದೆ. 2006ರಲ್ಲಿ ಕಾಲು ಮುರಿದುಕೊಂಡ ಅಮೆರಿಕದ ಬಾರ್ಬರೋ ಎಂಬ ಕುದುರೆಯನ್ನು ಎಂಟು ತಿಂಗಳ ಆರೈಕೆಯ ನಂತರವೂ ಉಳಿಸಿಕೊಳ್ಳಲಾಗದೆ ಹೋದುದು ಮುಖ್ಯವಾಗಿ ಈ ಗೊರಸಿನ ರೋಗದಿಂದಲೇ.

ಅದಕ್ಕೂ ಮುಂಚಿನ ರಫಿಯನ್ನಿನ ಕಥೆ ಇನ್ನೂ ದಾರುಣವಾದುದು. ಓಡಿದ ಹತ್ತು ಪಂದ್ಯಗಳಲ್ಲೂ ಗೆದ್ದಿದ್ದ ಆ ಹೆಣ್ಣುಕುದುರೆ 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ಓಡುತ್ತಿರುವಾಗಲೇ ಮುಂಗಾಲು ಮುರಿದುಕೊಂಡಿತು. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಕಾಲಿಗೆ ಕಟ್ಟು ಹಾಕಿದರು. ಆದರೆ ಅರಿವಳಿಕೆಯ ಅಮಲು ಇಳಿಯುತ್ತಿದ್ದಂತೆ, ಪಂದ್ಯವಿನ್ನೂ ಮುಗಿದಿಲ್ಲವೆಂಬಂತೆ ಅದು ಮಲಗಿದಲ್ಲಿಯೇ ಕಾಲುಗಳನ್ನು ಬಡಿಯತೊಡಗಿತು. ಕೂಡಿಸಿದ ಮೂಳೆ ಮತ್ತೆ ಮುರಿಯಿತು. ಕಡೆಗೆ ಅದಕ್ಕೆ ದಯಾಮರಣವನ್ನು ಕೊಡಬೇಕಾಯಿತು. ಎಚ್ಚರಗೊಳ್ಳುವ ಕುದುರೆಯನ್ನು ತೆಪ್ಪಕ್ಕೆ ತೊಡಗಿಸಿ ನೀರಿನ ಕೊಳದಲ್ಲಿ ಇಳಿಬಿಡುವ ಪದ್ಧತಿ ಈಗ ಕೆಲವು ಆಸ್ಪತ್ರೆಗಳಲ್ಲಿದೆ. ಅಲ್ಲಿ ಕಾಲು ಬಡಿದರೂ ತಾಗುವುದು ನೀರು.

ಈ ಗಂಡಾಂತರವನ್ನು ದಾಟಿದ ಕುದುರೆ ಮೊದಲ ವಾರಗಳಲ್ಲಿ ಲಾಯ ಬಿಟ್ಟು ಕದಲುವಂತಿಲ್ಲ. ಕೆಲಸವಿಲ್ಲದ ಕುದುರೆ ಕಸುವೇರಿ ಕುಣಿಯದಂತೆ ಧಾನ್ಯವನ್ನು ಕಡಿಮೆ ಮಾಡಿ, ಒಣಹುಲ್ಲನ್ನು ಹೆಚ್ಚಾಗಿ ಕೊಡುತ್ತಾರೆ. ಕ್ಷ-ಕಿರಣದ ಚಿತ್ರದಲ್ಲಿ ಮೂಳೆ ಕೂಡುತ್ತಿರುವುದು ಕಂಡ ಮೇಲೆ ಹಗ್ಗ ಹಿಡಿದು ನಡೆಸುವುದು; ಮೊದಲು ದಿನಕ್ಕೆ ಐದು ನಿಮಿಷ, ವಾರ ಕಳೆದಂತೆ ಇನ್ನೈದು. ಆಮೇಲೆ ಜೀನು ಹಾಕಿ, ಸವಾರನನ್ನು ಕೂರಿಸಿ ಬರಿಯ ನಡಿಗೆ. ಆಮೇಲೆ ಸಮವಾದ ನೆಲದಲ್ಲಿ, ನೇರವಾದ ದಾರಿಯಲ್ಲಿ ಕೆಲವೇ ನಿಮಿಷಗಳ ಕುಕ್ಕುಲೋಟ. ನಾಗಾಲೋಟದ ಮಾತು ಎಷ್ಟೋ ತಿಂಗಳುಗಳ ಮೇಲೆ. ಪ್ರತಿದಿನ ಬೆಳಗ್ಗೆ ಲಾಯದ ಆಳು ಕಾಲನ್ನು ಅಂಗೈಯಿಂದ ಸವರಿ ನೋಡುತ್ತಾನೆ. ನಿನ್ನೆಗಿಂತ ಬಿಸಿಯೇರಿದ್ದರೆ, ಬಾವು ಕಂಡರೆ, ಆ ದಿನದ ಕೆಲಸ ನಿಲ್ಲುತ್ತದೆ.

ಸಂಪೂರ್ಣ ವಾಸಿಯಾಗುವವರೆಗೂ ಸುಮ್ಮನೆ ನಿಲ್ಲಿಸಿದರಾಗದೇ? ಆಗದು. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತದೆ. ಭಾರವೇ ಬೀಳದಿದ್ದರೆ ಸವೆಯುತ್ತದೆ. ಕೆಲಸವೇ ಔಷಧ, ಆದರೆ ಅಳತೆ ಮೀರಿದರೆ ವಿಷ. ಇನ್ನೊಂದು ತೊಡಕೂ ಉಂಟು. ಹೃದಯ ಮತ್ತು ಮಾಂಸಖಂಡಗಳು ಬೇಗ ಚೇತರಿಸಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮೈಯೆಲ್ಲ ಮಿರುಗಿ, ಕಿವಿ ನಿಮಿರಿಸಿ ಲಗಾಮು ಜಗ್ಗುವ ಕುದುರೆಯನ್ನು ಕಂಡು ಒಡೆಯನು "ಇನ್ನೇಕೆ ತಡ?" ಎನ್ನುತ್ತಾನೆ. ಆ ಗಳಿಗೆಯಲ್ಲಿ "ಇಲ್ಲ" ಎನ್ನಬಲ್ಲವನೇ ನಿಜವಾದ ತರಬೇತುದಾರ ಎಂದು ನನ್ನ ಎಣಿಕೆ.

ಹಾಗೆ ಕಾಯ್ದುದರ ಫಲವನ್ನು ಪರ್ಸನಲ್ ಎನ್‌ಸೈನ್ ಎಂಬ ಹೆಣ್ಣುಕುದುರೆಯಲ್ಲಿ ಕಾಣಬಹುದು. 1984ರಲ್ಲಿ ಹುಟ್ಟಿದ ಈ ಕುದುರೆ ಮೊದಲಿನ ಎರಡು ಪಂದ್ಯಗಳನ್ನು ಗೆದ್ದು, ಬ್ರೀಡರ್ಸ್ ಕಪ್‌ನಲ್ಲಿ ಎರಡು ವರ್ಷದ ಹೆಣ್ಣುಕುದುರೆಗಳಿಗಾಗಿ ನಡೆಯುವ ಪಂದ್ಯಕ್ಕೆ ಸಿದ್ಧವಾಗುತ್ತಿದ್ದಾಗ, 1986ರ ಅಕ್ಟೋಬರಿನಲ್ಲಿ, ಅಭ್ಯಾಸದ ಓಟದಲ್ಲಿ ಎಡ ಹಿಂಗಾಲಿನ ಗೊರಸಿನ ಮೇಲಣ ಮೂಳೆಯನ್ನು ಮುರಿದುಕೊಂಡಿತು. ಶಸ್ತ್ರವೈದ್ಯ ಲ್ಯಾರಿ ಬ್ರಾಮ್ಲೇಜ್ ಐದು ತಿರುಪುಮೊಳೆಗಳಿಂದ ಅದನ್ನು ಬಿಗಿದರು. ತರಬೇತುದಾರ ಷಗ್ ಮೆಗಾಹಿ ಅವಸರಪಡಲಿಲ್ಲ. ಮೂರು ವರ್ಷದ ಕುದುರೆಗಳ ದೊಡ್ಡ ಪಂದ್ಯಗಳೆಲ್ಲ ಆ ಬೇಸಿಗೆಯಲ್ಲಿ ಒಂದೊಂದಾಗಿ ನಡೆದುಹೋದವು. 1987ರ ಸೆಪ್ಟೆಂಬರಿನಲ್ಲಿ, ಸುಮಾರು ಹನ್ನೊಂದು ತಿಂಗಳ ಮೇಲೆ, ಪರ್ಸನಲ್ ಎನ್‌ಸೈನ್ ಮತ್ತೆ ಕಣಕ್ಕಿಳಿದು ಗೆದ್ದಿತು.

1988ರ ನವೆಂಬರ್ 5ರಂದು ಕೆಂಟಕಿಯ ಚರ್ಚಿಲ್ ಡೌನ್ಸ್‌ನಲ್ಲಿ ಅದರ ಕಡೆಯ ಪಂದ್ಯ. ಮಳೆಯಿಂದ ನೆಲ ಕೆಸರಾಗಿತ್ತು. ಆ ವರ್ಷದ ಕೆಂಟಕಿ ಡರ್ಬಿಯಲ್ಲಿ ಗಂಡುಕುದುರೆಗಳನ್ನೇ ಸೋಲಿಸಿದ್ದ ವಿನ್ನಿಂಗ್ ಕಲರ್ಸ್ ಬಹಳ ಮುಂದಿತ್ತು. ಕೊನೆಯ ನೇರ ಹಾದಿಯಲ್ಲಿ, ಜಾಕಿ ರ‍್ಯಾಂಡಿ ರೊಮೆರೊನನ್ನು ಹೊತ್ತ ಪರ್ಸನಲ್ ಎನ್‌ಸೈನ್ ಹೆಜ್ಜೆಹೆಜ್ಜೆಗೂ ಅಂತರವನ್ನು ತಗ್ಗಿಸುತ್ತ ಬಂದು, ಕಟ್ಟಕಡೆಯಲ್ಲಿ ಮೂಗಿನ ತುದಿಯಷ್ಟರಿಂದ ಗೆದ್ದಿತು. ಹದಿಮೂರು ಪಂದ್ಯ, ಹದಿಮೂರು ಗೆಲವು. ಕಾಲು ಮುರಿದುದರಿಂದ 1986ರಲ್ಲಿ ಅದಕ್ಕೆ ತಪ್ಪಿಹೋದ ಆ ಪಂದ್ಯವನ್ನು 1995ರಲ್ಲಿ ಅದರ ಮಗಳು ಮೈ ಫ್ಲ್ಯಾಗ್ ಗೆದ್ದುಕೊಂಡಿತು.