ಕುಮಟಾದ ಶಾಲೆಗಳ ಆಡಳಿತ: ಡಿಡಿಪಿಐಯಿಂದ ಎಸ್‌ಡಿಎಂಸಿವರೆಗೆ

ಉತ್ತರ ಕನ್ನಡ ಕಂದಾಯ ಜಿಲ್ಲೆ ಒಂದೇ, ಶೈಕ್ಷಣಿಕ ಜಿಲ್ಲೆಗಳು ಎರಡು: ಕಾರವಾರ ಮತ್ತು ಶಿರಸಿ. ಪರೀಕ್ಷೆ ಬರೆಯುವವರು ಎಡವುವುದು ಇಲ್ಲೇ. ಕರಾವಳಿಯ ಕುಮಟಾ, ಹೊನ್ನಾವರ, ಭಟ್ಕಳ, ಅಂಕೋಲಾ ತಾಲೂಕುಗಳು ಕಾರವಾರಕ್ಕೆ ಸೇರುತ್ತವೆ. ಶೈಕ್ಷಣಿಕ ಜಿಲ್ಲೆಯ ಮುಖ್ಯಸ್ಥರು ಉಪನಿರ್ದೇಶಕರು (ಡಿಡಿಪಿಐ). ಅವರ ಮೇಲೆ ಧಾರವಾಡದ ಅಪರ ಆಯುಕ್ತರು. ತಾಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಕ್ಲಸ್ಟರ್‌ಗೆ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ). ಶಿಕ್ಷಕರ ತರಬೇತಿ ನೋಡಿಕೊಳ್ಳುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮಾತ್ರ ಕಾರವಾರದಲ್ಲಿಲ್ಲ, ಕುಮಟಾದಲ್ಲಿದೆ.

ಈ ಅಧಿಕಾರಿಗಳ ಆಯ್ಕೆಯಲ್ಲಿ ಜನರ ಪಾತ್ರವಿಲ್ಲ. ಅಮೆರಿಕದ ಬಹುತೇಕ ಊರುಗಳಲ್ಲಿ ಮತದಾರರು ಶಾಲಾ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. ನಮ್ಮ ಡಿಡಿಪಿಐ, ಬಿಇಒ ಹಾಗಲ್ಲ, ಸರ್ಕಾರ ವರ್ಗಾಯಿಸುವ ಅಧಿಕಾರಿಗಳು.

ಇಲ್ಲಿ ಜನರ ಕೈಗೆ ಸಿಗುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ರಾಜ್ಯದಲ್ಲಿ ಇದರ ಆರಂಭ 2001ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಂ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಅಧ್ಯಕ್ಷರು ಪೋಷಕರೊಳಗಿನವರು, ಕಾರ್ಯದರ್ಶಿ ಮುಖ್ಯ ಶಿಕ್ಷಕರು. ಸಮಿತಿ ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕು ಎನ್ನುವುದು 22ನೇ ಕಲಂ. ಪರೀಕ್ಷೆಯಲ್ಲಿ ಈ ಎರಡು ಕಲಂಗಳನ್ನು ಅದಲುಬದಲು ಮಾಡಿ ಕೇಳುವುದು ಹಳೆಯ ಚಾಳಿ.