ಒಣದ್ರಾಕ್ಷಿ: ತೂಕವೋ, ಅಳತೆಯೋ?

ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ಒಣದ್ರಾಕ್ಷಿಗೆ ಕೊರತೆಯಿಲ್ಲ. ಆದರೆ ಉಂಡೆ, ಪಾಯಸಗಳ ಪಾಕವಿಧಾನದಲ್ಲಿ ಗ್ರಾಂ ಲೆಕ್ಕವಿದ್ದು, ಅಡಿಗೆಮನೆಯಲ್ಲಿ ಪಾವು, ಲೋಟ ಮಾತ್ರ ಇದ್ದರೆ ಏನು ಮಾಡಬೇಕು? ಪಾವಿನ ಗಾತ್ರವೂ ಎಲ್ಲ ಊರುಗಳಲ್ಲಿ ಒಂದೇ ಅಲ್ಲ.

200 ಮಿಲಿಲೀಟರ್ ಹಿಡಿಯುವ ಲೋಟಕ್ಕೆ ಒಣದ್ರಾಕ್ಷಿಯನ್ನು ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ ಸುಮಾರು 140 ಗ್ರಾಂ ಬರುತ್ತದೆ. ಅಂದರೆ ಒಂದು ಕಿಲೋಗ್ರಾಂಗೆ ಸಡಿಲವಾಗಿ 8 ಲೋಟಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಒತ್ತಿದರೆ 7 ಲೋಟಕ್ಕಿಂತ ತುಸು ಹೆಚ್ಚು ಸಾಕು. ಮನೆಬಾಗಿಲಲ್ಲಿ ಅಳತೆಯಿಂದ ಮಾರುವ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೊಳ್ಳುವವರು ಒತ್ತಿ ಒತ್ತಿ ತುಂಬಿಸಿಕೊಂಡರೆ 8 ಲೋಟಕ್ಕೆ ಸುಮಾರು 160 ಗ್ರಾಂ ಪುಕ್ಕಟೆ ಹೋಗುತ್ತದೆ. ಮಾರಾಟಕ್ಕೆ ತಕ್ಕಡಿಯೇ ಸರಿ.

ಅಡಿಗೆಗಾದರೆ ಮನೆಯ ಒಂದು ಲೋಟವನ್ನು ಗೊತ್ತುಮಾಡಿಕೊಂಡರೆ ಸಾಕು. ಅಂಗಡಿಯ ತಕ್ಕಡಿಯಲ್ಲಿ ಖಾಲಿ ಲೋಟವನ್ನು ತೂಗಿ, ಅಂಟಿಕೊಂಡ ಹಣ್ಣುಗಳನ್ನು ಬಿಡಿಸಿ ಅಂಚಿನ ಮಟ್ಟಕ್ಕೆ ಸಡಿಲವಾಗಿ ತುಂಬಿ ಮತ್ತೆ ತೂಗಬೇಕು. ಬಂದ ವ್ಯತ್ಯಾಸವನ್ನು ಲೋಟದ ತಳದ ಹೊರಭಾಗದಲ್ಲಿ ಬಣ್ಣದಿಂದ ಬರೆದಿಡಬಹುದು. ನೆನೆಸುವುದಿದ್ದರೆ ಅದಕ್ಕೆ ಮೊದಲೇ ಅಳೆಯಬೇಕು. ನೀರು ಕುಡಿದ ಹಣ್ಣಿನ ತೂಕ, ಗಾತ್ರ ಎರಡೂ ಏರಿರುತ್ತವೆ. ಖರ್ಜೂರಕ್ಕೆ ಈ ಲೆಕ್ಕ ಹೊಂದದು. ಇಡಿಯಾಗಿ ತುಂಬಿದಾಗ ನಡುವೆ ಸಂದು ಉಳಿಯುತ್ತದೆ, ಕತ್ತರಿಸಿದರೆ ಅದೇ ಲೋಟದಲ್ಲಿ ಇನ್ನಷ್ಟು ಹಿಡಿಯುತ್ತದೆ. ಅದಕ್ಕೆ ಬೇರೆಯೇ ತೂಗಿ ಗುರುತು ಮಾಡಿಕೊಳ್ಳಿ.